ಪರೀಕ್ಷೆಗೆ ಬಾರದ ಆರನೆಯ ವ್ಯತ್ಯಾಸ

ಅಧ್ಯಕ್ಷಸ್ಥಾನದಲ್ಲಿರುವ ಜಯದೇವಪ್ಪನವರೇ, ವೇದಿಕೆಯ ಹಿರಿಯರೇ, ಊಟದ ವಾಸನೆ ಬಂದರೂ ಕದಲದೆ ಕುಳಿತಿರುವ ಸಭಿಕರೇ,

ಅರಸೀಕೆರೆಯಿಂದ ದಿನವೂ ಬಸ್ಸಿನಲ್ಲಿ ಬಂದು ಈ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿ ಇಂದು ನಿವೃತ್ತನಾಗುತ್ತಿದ್ದೇನೆ. ಮಕ್ಕಳು ನನಗಿಟ್ಟ ಹೆಸರು 'ಕಪ್ಪೆ ಇಂದುಧರ'. ಬೇಸರವಿಲ್ಲ, ನನ್ನ ಗಂಟಲೂ ಹಾಗೇ ಇದೆ. ನನ್ನ ವಿಷಯದಲ್ಲಿ ಒಬ್ಬರೂ ಫೇಲಾಗಲಿಲ್ಲವೆಂದು ಈಗಷ್ಟೇ ಹೊಗಳಿದಿರಿ. ಹೇಗೆ ಆಗುತ್ತಾರೆ? ಪರೀಕ್ಷೆಗೆ ಬರುವುದನ್ನಷ್ಟೇ ಪಾಠ ಮಾಡುತ್ತಿದ್ದೆ. ಬಾರದ್ದರ ಮೇಲೆ ಪೆನ್ಸಿಲ್ ಗೀಟು ಎಳೆಸುತ್ತಿದ್ದೆ.

ಎರಡು ಕಪ್ಪೆಗಳ ವ್ಯತ್ಯಾಸ, ಐದು ಅಂಕ. ಕೆರೆಯ ದೊಡ್ಡ ಕಪ್ಪೆಯ ಚರ್ಮ ನುಣುಪು, ನೆಲಗಪ್ಪೆಯದು ಗಂಟುಗಂಟು. ಅದರ ಕಾಲು ಉದ್ದ, ಇದರದು ಗಿಡ್ಡ. ಅದು ದೂರ ನೆಗೆಯುತ್ತದೆ, ಇದು ಕುಪ್ಪಳಿಸುತ್ತದೆ. ಅದಕ್ಕೆ ಮೇಲ್ದವಡೆಯಲ್ಲಿ ಹಲ್ಲುಂಟು, ಇದಕ್ಕಿಲ್ಲ. ಕುಟುಂಬವೇ ಬೇರೆ. ಐದಾಯಿತು. ನೆಲಗಪ್ಪೆಯ ಕಣ್ಣಿನ ಹಿಂದೆ ವಿಷದ ಗ್ರಂಥಿಯಿದೆ ಎಂಬ ಆರನೆಯ ಸಾಲಿಗೆ ಗೀಟು ಹಾಕಿಸಿದೆ.

ಹನ್ನೆರಡು ವರ್ಷದ ಹಿಂದೆ ಇದೇ ಹಳೇಬೀಡಿನ ದೀಪಕ್ ಎಂಬ ವಿದ್ಯಾರ್ಥಿ ಎದ್ದು ನಿಂತು, "ಸಾರ್, ಎರಡನ್ನೂ ತಿನ್ಬೋದಾ?" ಎಂದ. ಕ್ಲಾಸೆಲ್ಲ ನಕ್ಕಿತು. "ಕಪ್ಪೆ ಇರೋದು ಕೊಯ್ಯೋಕೆ ಕಣೋ, ಸಾರು ಮಾಡೋಕಲ್ಲ. ಕೂತ್ಕೋ" ಎಂದೆ. ಯಾಕಪ್ಪಾ ಎಂದು ನಾನೊಂದು ಮಾತು ಕೇಳಬಹುದಿತ್ತಲ್ಲವೇ?

ಅವನ ತಂಗಿ ರಾಣಿಗೆ ಉಬ್ಬಸ. ಅದಕ್ಕೆ ಕಪ್ಪೆಸಾರು ಮದ್ದೆಂದು ಮನೆಯವರು ನಂಬಿದ್ದರು. ಆ ವಾರ ಮಳೆ ಬಂದಾಗ ಕೆರೆಯಂಚಿನಲ್ಲಿ ದೀಪಕ್ ಹಿಡಿದು ತಂದದ್ದು ನೆಲಗಪ್ಪೆ. ತಾಯಿ ಭಾಗಮ್ಮ ಬೇಯಿಸಿ ತಿನ್ನಿಸಿದರು. ವಾಂತಿ ಮಾಡುತ್ತಾ ಮಾಡುತ್ತಾ ಮಗು ಹಾಸನದ ದಾರಿಯಲ್ಲೇ ತೀರಿಕೊಂಡಿತು. ಏಳು ವರ್ಷ, ಸಭಿಕರೇ, ಏಳೇ ವರ್ಷ.

ಮುಂದಿನ ತಿಂಗಳ ಟೆಸ್ಟಿನ ಪ್ರಶ್ನೆಪತ್ರಿಕೆ ಮೊದಲೇ ಅಚ್ಚಾಗಿತ್ತು. ಅದೇ ಪ್ರಶ್ನೆ. ದೀಪಕ್ ಐದೂ ವ್ಯತ್ಯಾಸ ಬರೆದು ಕೆಳಗೆ ಆರನೆಯದು ಬರೆದಿದ್ದ: "ಒಂದನ್ನು ತಿನ್ನಬಹುದು. ಇನ್ನೊಂದನ್ನು ತಿಂದು ನನ್ನ ತಂಗಿ ಸತ್ತಳು." ಐದಕ್ಕೆ ಐದು ಕೊಟ್ಟೆ. ಆ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. ಹೆದರಿದ್ದೆ, ಬೇರೇನಲ್ಲ.

ಊರು ಭಾಗಮ್ಮನವರನ್ನು "ಮಗೀಗೆ ಇಸ ಇಕ್ಕಿದೋಳು" ಎಂದಿತು. ಇವತ್ತಿಗೂ ಯಾರೂ ತಮ್ಮ ಕೂಸನ್ನು ಅವರ ಕೈಗೆ ಕೊಡುವುದಿಲ್ಲ. ಎಲ್ಲ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ನಿನ್ನೆ ಅವರ ಮನೆಗೆ ಹೋಗಿ ಕರೆದೆ. ಬಂದಿದ್ದಾರೆ, ಕೊನೆಯ ಸಾಲಿನಲ್ಲಿ ಕುಳಿತಿದ್ದಾರೆ.

ಭಾಗಮ್ಮನವರೇ, ನಿಮ್ಮ ಮಗ ಕೇಳಿದ್ದ. ನಾನು ಹೇಳಲಿಲ್ಲ. ತಪ್ಪು ನನ್ನದು. ಮೈಕಿನಲ್ಲಿ ಹೇಳುತ್ತಿದ್ದೇನೆ, ಊರಿಗೂ ಕೇಳಲಿ.

ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಅವರು ಎದ್ದಿದ್ದಾರೆ. ತಡೆಯಬೇಡಿ, ದಾರಿ ಬಿಡಿ. ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ನನ್ನ ನಮಸ್ಕಾರ, ಹಿಂತಿರುಗಿ ನೋಡದೆ ಹೋಗುತ್ತಿರುವ ಆ ತಾಯಿಗೆ.