ಹನುಮಯ್ಯನ ತಲೆಯ ಮೂರು ಪೊರೆ

...ಅಳಬೇಡಿ ಲಿಂಗಮ್ಮ ಅಂತಿದ್ದೆ, ನೀವು ಅಳ್ತಾನೇ ಇಲ್ವಲ್ಲ! ಒಳ್ಳೇದೇ ಆಯ್ತು. ಕೂತ್ಕೊಳ್ಳಿ. ದೊಡ್ಡಾಸ್ಪತ್ರೇಲಿ ತಲೆ ಆಪರೇಷನ್ ಆಯ್ತು, ನಿಮ್ಮ ಯಜಮಾನ್ರು ಹನುಮಯ್ಯನೋರ ಜೀವ ಉಳೀತು. ಇನ್ನೇನು ಬೇಕು? ಬಲಗೈ ಆಡ್ತಿಲ್ವಾ... ಆಡುತ್ತೆ ಬಿಡಿ! ಇಪ್ಪತ್ತು ವರ್ಷ ಉಳಿ ಹಿಡಿದ ಬಡಗಿ ಕೈ ಅದು.

ಏನು? ಅಲ್ಲಿನ ಡಾಕ್ಟ್ರು ನಾನು ಬರ್ಕೊಟ್ಟ ಹಳೇ ಚೀಟಿ ಕೇಳಿದ್ರಾ? ಯಾಕಂತೆ?... ಕೇಳ್ಲಿ, ಕೇಳ್ಲಿ. ಮೊದ್ಲು ನೀವು ವಿಷಯ ತಿಳ್ಕೊಳ್ಳಿ. ಈ ಡಾಕ್ಟರ್ ಜಗನ್ನಾಥ ಅನಾಟಮಿಲಿ ಇಡೀ ಕಾಲೇಜಿಗೇ ಫಸ್ಟು! ಬುರುಡೆ ಒಳಗೆ ಮೂರು ಪೊರೆ ಇರುತ್ತಮ್ಮ. ಮೇಲಿಂದು ಡ್ಯೂರಾ, ತಾರ್ಪಾಲಿನ ಥರ ಗಟ್ಟಿ. ಅದರ ಕೆಳಗೆ ಅರಕ್ನಾಯ್ಡ್, ಜೇಡರ ಬಲೆ. ಕೊನೇದು ಪಯಾ, ಕಡಲೆಬೀಜದ ಸಿಪ್ಪೆ ಹಾಗೆ ಮೆದುಳಿಗೇ ಅಂಟ್ಕೊಂಡಿರುತ್ತೆ. ಈ ಕೆಳಗಿನ ಎರಡರ ಮಧ್ಯೆ ನೀರು. ಮೆದುಳು ತೇಲ್ತಾ ಇರುತ್ತೆ, ತೇಲ್ತಾ... ಆಕಳಿಸ್ಬೇಡಿ, ಮುಖ್ಯವಾದ್ದು ಈಗ್ಲೇ ಬರೋದು!

ಪೆಟ್ಟು ಬಿದ್ದಾಗ ಮೇಲಿನ ಎರಡು ಪೊರೆ ನಡುವೆ ಒಂದು ಸಣ್ಣ ರಕ್ತನಾಳ ಹರಿದುಹೋಗುತ್ತೆ. ರಕ್ತ ತೊಟ್ಟು ತೊಟ್ಟಾಗಿ ವಾರಗಟ್ಟಲೆ ಒಸರುತ್ತೆ. ಮೊದ್ಲು ತಲೆನೋವು, ಆಮೇಲೆ ಮಂಪರು, ಆಮೇಲೆ ಕೈ ಸೋಲೋದು. ಪರೀಕ್ಷೇಲಿ ಇದೇ ಪ್ರಶ್ನೆಗೆ ಹತ್ತಕ್ಕೆ ಹತ್ತು ತಗೊಂಡೋನು ನಾನು!

...ಯಾಕೆ ಹಾಗೆ ನೋಡ್ತೀರಿ? ಇಷ್ಟೆಲ್ಲ ಗೊತ್ತಿದ್ದೂ ಅವರು ತಲೆನೋವು ಅಂತ ಬಂದ ಮೂರು ಸಲಾನೂ 'ಗ್ಯಾಸು' ಅಂತ ಯಾಕೆ ಬರೆದ್ರಿ ಅಂತಾನಾ? ಅಯ್ಯೋ, ತಲೆನೋವು ಅಂತ ಬಂದೋರಿಗೆಲ್ಲ ತಲೆ ಕೊರೆಯೋಕಾಗುತ್ತಾ! ಸ್ಕ್ಯಾನ್ ಮಷೀನು ಊರಿಗೆ ಬಂದಿದ್ದೇ ಮೊನ್ನೆ ಮೊನ್ನೆ. ಅದೂ ಅಲ್ದೆ, ಅತ್ತಿಗುಪ್ಪೇಲಿ ಯಜಮಾನ್ರು ಬಸ್ಸಿಂದ ಬಿದ್ರು ಅಂತ ನೀವು ಹೇಳ್ಬೇಕಿತ್ತು. ಹೇಳ್ಲೇ ಇಲ್ಲ. ಒಂದು ಮಾತು ಹೇಳಿದ್ದಿದ್ರೆ...

ಹೋಗ್ಲಿ, ನಿಮ್ಮನ್ನ ಬೈತಿಲ್ಲ. ಗಾಬರೀಲಿ ಮರೆತ್ರಿ, ಅಷ್ಟೇ. ಯಾರು ಕೇಳಿದ್ರೂ ಹಾಗೇ ಹೇಳಿ. ಆ ಚೀಟಿ ಕೊಡಿ, ನೀಟಾಗಿ ಹೊಸದು ಬರ್ಕೊಡ್ತೀನಿ... ಕೊಡಿ... ಕೊಡಲ್ವಾ?

ಲಿಂಗಮ್ಮ! ಬೈದ್ಬಿಡಿ ಬೇಕಾದ್ರೆ. ಹೀಗೆ ಚೀಟಿ ಮಡಚಿ ಸೆರಗಿಗೆ ಕಟ್ಕೊಂಡ್ರೆ...

ನೀವು ಮೊದಲ್ನೇ ಸಲ ಬಂದ ದಿನ ಇಡೀ ವಿಜಯನಗರ ಬಡಾವಣೇನೇ ಈ ಕ್ಲಿನಿಕ್ಕಿನ ಹೊರಗಡೆ ಕಾಯ್ತಿತ್ತು ಕಣಮ್ಮ. ನೀವು... ಹೇಳಿದ್ರಿ. ಇಲ್ಲೇ ನಿಂತು, ಎರಡು ಸಲ ಹೇಳಿದ್ರಿ. ನಿಮ್ಮ ಯಜಮಾನ್ರೇ ತಲೆ ಬಗ್ಗಿಸಿ, 'ಇಲ್ಲಿ ಸ್ವಾಮಿ, ಇಲ್ಲಿ' ಅಂತ ಕೂದಲು ಸರಿಸಿ ತೋರಿಸಿದ್ರು.

'ಗ್ಯಾಸು' ಅಂತ ಬರೀತಿದ್ದ ನಾನು ಪೆನ್ನು ಕೆಳಗಿಡ್ಲಿಲ್ಲ.