ಎಡಗಡೆಯ ನೆರಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಇಂದು ಸನ್ಮಾನ ಪಡೆಯುತ್ತಿರುವ ನಮ್ಮ ನಿರ್ದೇಶಕರೇ, ಮುಂದಿನ ಸಾಲಿನ ಅತಿಥಿಗಳೇ, ಕುರ್ಚಿ ಸಿಗದೆ ಹಿಂದೆ ನಿಂತಿರುವ ಗ್ರಾಫಿಕ್ಸ್ ವಿಭಾಗದ ನನ್ನ ಗೆಳೆಯರೇ, ಸಭಿಕರೇ,

ನಿರ್ದೇಶಕರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಆಡುತ್ತೇನೆ. ನಾನು ಅವರ ಚಿತ್ರದಲ್ಲಿ ಗ್ರಾಫಿಕ್ಸ್ ಕಂಟಿನ್ಯುಟಿ ನೋಡಿಕೊಂಡವಳು. ಅಂದರೆ, ಒಂದು ಶಾಟ್‌ನಲ್ಲಿ ಆಕಾಶನೌಕೆಯ ಎಡ ರೆಕ್ಕೆ ಸುಟ್ಟಿದ್ದರೆ ಮುಂದಿನ ಶಾಟ್‌ನಲ್ಲಿ ಬಲ ರೆಕ್ಕೆ ಸುಡದಂತೆ ಕಾಯುವವಳು. ಮನೆಯಲ್ಲೂ ಅದೇ ಚಾಳಿ. ಸೋಫಾ ಒಂಚೂರು ಸರಿದಿದ್ದರೂ ನಮ್ಮ ಯಜಮಾನರಿಗೆ ಬೈಗುಳ ತಪ್ಪಿದ್ದಲ್ಲ.

ಚಿತ್ರ ನೀವೆಲ್ಲ ನೋಡಿದ್ದೀರಿ. ಆ ಗ್ರಹಕ್ಕೆ ಎರಡು ಸೂರ್ಯ. ಹಾಗಾಗಿ ಅಲ್ಲಿ ನಿಂತವರಿಗೆಲ್ಲ ಎರಡು ನೆರಳು, ಒಂದು ಎಡಕ್ಕೆ, ಒಂದು ಬಲಕ್ಕೆ. ಆದರೆ ಮರಳುಗಾಡಿನ ಆ ದೊಡ್ಡ ಶಾಟ್‌ನಲ್ಲಿ ನಾಯಕಿಗೆ ಒಂದೇ ನೆರಳು. 'ಜೊತೆಗಾರ ಸತ್ತ ಮೇಲೆ ಅವಳ ಒಂದು ನೆರಳೂ ಹೋಯಿತು, ಎಂಥ ಕಲ್ಪನೆ!' ಎಂದು ವಿಮರ್ಶಕರು ಬರೆದರು. ಇವತ್ತಿನ ಸನ್ಮಾನ ಆ ಕಲ್ಪನೆಗೇ. ಕಲ್ಪನೆ ಯಾರದು? ಯಾರದೂ ಅಲ್ಲ.

ಆ ನೆರಳುಗಳನ್ನೆಲ್ಲ ಮಾಡಿದವಳು ನನ್ನ ತಂಗಿ. ಅವಳಿಗೆ ಕೆಲಸ ಕಲಿಸಿದ್ದು ನಾನೇ. ನಾಯಕಿ ಕುಂಟಿದರೆ ಎರಡು ನೆರಳೂ ಬೇರೆ ಬೇರೆ ಥರ ಕುಂಟಬೇಕು; ಅದಕ್ಕಾಗಿ ಮನೆಯಲ್ಲಿ ಎರಡು ಟೇಬಲ್ ಲ್ಯಾಂಪ್ ಹಚ್ಚಿ, 'ಅಕ್ಕಾ, ಸ್ವಲ್ಪ ಕುಂಟು ನೋಡೋಣ' ಎಂದು ನನ್ನನ್ನು ಹಾಲ್ ತುಂಬ ಕುಂಟಿಸಿದವಳು. ಆ ಶಾಟಿಗೂ ಎರಡು ನೆರಳು ಮಾಡಿದ್ದಳು. ಕೊನೆಗಳಿಗೆಯಲ್ಲಿ ನಿರ್ದೇಶಕರು ಬಂದು, 'ಬಲಗಡೆ ಖಾಲಿ ಬಿಡಿ, ಒಂಟಿತನ ಕಾಣಬೇಕು' ಎಂದು ಇಡೀ ಫ್ರೇಮನ್ನು ಬಲಕ್ಕೆ ಸರಿಸಿದರು. ನಾಯಕಿ ಎಡ ಅಂಚಿಗೆ ಹೋದಳು. ಅವಳ ಕಾಲಿನ ಪಕ್ಕದಲ್ಲೇ ಫ್ರೇಮ್ ಮುಗಿಯಿತು. 'ಸಾರ್, ಎಡಗಡೆ ನೆರಳು ಕಟ್ ಆಗ್ತಿದೆ' ಎಂದೆ. 'ನಿಮಗೆ ಬರೀ ನೆರಳಿನ ಚಿಂತೆ. ಜನ ಮುಖ ನೋಡ್ತಾರ್ರೀ' ಎಂದರು.

ಬಿಡುಗಡೆಗೆ ಮೊದಲು, ತಿದ್ದಲು ಹೊತ್ತಿಲ್ಲದ ಗಳಿಗೆಯಲ್ಲಿ, ನಿರ್ಮಾಪಕರು ಅದನ್ನು ಕಂಡು ಕೆಂಡಾಮಂಡಲವಾದಾಗ ಇದೇ ನಿರ್ದೇಶಕರು, 'ನೆರಳಿನ ಹುಡುಗಿ ಮರೆತಿದ್ದಾಳೆ' ಎಂದರು. ಅವತ್ತೇ ಅವಳನ್ನು ಕೆಲಸದಿಂದ ತೆಗೆದರು. ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳಲ್ಲೂ ಅವಳಿಲ್ಲ. ನಾನು ನಿರ್ಮಾಪಕರಿಗೆ ನಿಜ ಹೇಳಲು ಹೋದರೆ, 'ತಂಗಿ ಅಂತ ವಹಿಸ್ಕೊಂಡು ಬರ್ಬೇಡಿ' ಎಂದರು. ಈಗ ಅವಳು ಯಾವ ಸ್ಟುಡಿಯೋಗೆ ಹೋದರೂ, 'ಓ, ನೆರಳು ಮರೆತವರು ನೀವೇನಾ?' ಎನ್ನುತ್ತಾರೆ. ಅವಳ ತಲೆಗೆ ಕಟ್ಟಿದಾಗ ಅದು ತಪ್ಪು, ಇವರ ಕೈಗೆ ಬಂದ ಕೂಡಲೇ ಪ್ರತಿಭೆ! ನಗಬೇಡಿ ಅಧ್ಯಕ್ಷರೇ, ನನಗೆ ಹೊಟ್ಟೆ ಉರಿಯುತ್ತಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಚಿತ್ರ ಮತ್ತೆ ಬಿಡುಗಡೆಯಾಗುತ್ತಿದೆ. ಹೋದ ನೆರಳು ಮುಂದಿನ ದೃಶ್ಯದಲ್ಲಿ ವಾಪಸ್ ಹೇಗೆ ಬಂತು ಎಂದು ಯಾರೋ ಕೇಳಿದರಂತೆ. ಆದ್ದರಿಂದ ಅಲ್ಲಿಂದ ಕೊನೆಯವರೆಗೂ ನಾಯಕಿಯ ಎಡ ನೆರಳನ್ನು ಅಳಿಸಬೇಕಂತೆ. ಕಂಟಿನ್ಯುಟಿ ನೋಡಿ! ಆ ಕೆಲಸ ನನಗೇ ಬಂದಿದೆ.

ಮನೆಗೆ ಹೋಗಿ ತಂಗಿಗೆ ಹೇಳಿದೆ. ಅವಳು ಅಳಲಿಲ್ಲ, ರೇಗಲಿಲ್ಲ. 'ನೀನೇ ಅಳಿಸಕ್ಕಾ. ಬೇರೆಯವರು ಅಂಚು ಕೆಡಿಸಿಬಿಡ್ತಾರೆ' ಎಂದಳು.

ಅದಕ್ಕೆ ಉತ್ತರ ಇಲ್ಲೇ, ಎಲ್ಲರೆದುರು ಕೊಡುತ್ತೇನೆ. ನಿರ್ದೇಶಕರೇ, ನಾನು ಅಳಿಸುವುದಿಲ್ಲ. ನಾಳೆಯಿಂದ ನನ್ನ ಜಾಗಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ. ಅವರು ಅಂಚು ಕೆಡಿಸಲಿ. ಇಲ್ಲಿ ಏನೋ ಇತ್ತು, ಯಾರೋ ಅಳಿಸಿದ್ದಾರೆ ಎಂದು ಜನಕ್ಕೆ ಕಾಣಲಿ.

ಇಷ್ಟು ಹೊತ್ತು ಕೇಳಿದಿರಿ, ಮೈಕ್ ಆಫ್ ಮಾಡಲಿಲ್ಲ. ಎರಡಕ್ಕೂ ಧನ್ಯವಾದ. ನಮಸ್ಕಾರ.