ಏಳು ಮೀಟರುಗಳು ಮತ್ತು ಅಪ್ಪನ ‘ಹಾಕ್ರಪ್ಪಾ’

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಸಣ್ಣ ಕೈಗಾರಿಕೆಗಳ ಸಂಘದ ಹಿರಿಯರೇ, ಕಿರಿಯರೇ, ಪಕ್ಕದ ಕೋಣೆಯಿಂದ ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಹನಶೀಲ ಸಭಿಕರೇ,

ವಿದ್ಯುತ್ ಖರ್ಚನ್ನು ಹಿಡಿತದಲ್ಲಿಡಲು ಯಂತ್ರಕ್ಕೊಂದು ಮೀಟರು ಹೇಗೆ ಸಹಾಯ ಮಾಡುತ್ತದೆ ಎಂಬ ಬಗ್ಗೆ ಈ ವಾರ್ಷಿಕ ಸಭೆಯಲ್ಲಿ ಮಾತಾಡಬೇಕು ಎಂದು ಕಾರ್ಯದರ್ಶಿಗಳು ಫೋನ್ ಮಾಡಿದರು. ನಾನು ಹೇಳಿದೆ, “ಸಾರ್, ನಾನು ರಟ್ಟಿನ ಡಬ್ಬಿ ಮಾಡೋಳು, ಭಾಷಣ ಮಾಡೋಳಲ್ಲ.” ಅವರು ಬಿಡಲಿಲ್ಲ. “ಡಬ್ಬಿ ಮಾಡೋ ಹಾಗೇ ಮಾಡಿ ಮೇಡಂ. ಅಳತೆ ಸರಿ ಇದ್ರೆ ಸಾಕು” ಎಂದರು. ಮೂರನೇ ಸಾಲಿನಲ್ಲಿ ಕೈಕಟ್ಟಿ ಕುಳಿತಿರುವ ನನ್ನ ಅಣ್ಣ ಈಗಾಗಲೇ ಒಮ್ಮೆ ಗಡಿಯಾರ ನೋಡಿಕೊಂಡದ್ದನ್ನು ನಾನು ನೋಡಿದೆ. ನೋಡಿಕೋ ಅಣ್ಣಾ. ಕಾರ್ಖಾನೆಯಲ್ಲಿ ನಿನ್ನ ಮಾತು ನಡೆಯುತ್ತದೆ, ಇಲ್ಲಿ ಮೈಕು ನನ್ನ ಕೈಯಲ್ಲಿದೆ.

ಸಭಿಕರೇ, ನಮ್ಮಲ್ಲಿ ಎಷ್ಟು ಜನರ ಕಾರ್ಖಾನೆಗೆ ಗೇಟಿನ ಹತ್ತಿರ ಒಂದೇ ಒಂದು ಮೀಟರಿದೆ? ಕೈ ಎತ್ತುವುದು ಬೇಡ, ಮುಖ ನೋಡಿದರೇ ಗೊತ್ತಾಗುತ್ತದೆ. ಆ ಒಂದು ಮೀಟರು ನಮಗೆ ಏನು ಹೇಳುತ್ತದೆ? ಇಷ್ಟು ಉರಿಸಿದಿರಿ, ಇಷ್ಟು ಕಟ್ಟಿ. ಯಾರು ಉರಿಸಿದರು? ಯಾವಾಗ ಉರಿಸಿದರು? ಯಾಕೆ ಉರಿಸಿದರು? ಕೇಳಿದರೆ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಸಕ್ಕರೆ ಡಬ್ಬ ಖಾಲಿ, ತಿಂದವರು ಮಾತ್ರ ಯಾರೂ ಇಲ್ಲ. ನಮ್ಮ ಕಾರ್ಖಾನೆಯೂ ಬಹಳ ಕಾಲ ಹಾಗೇ ನಡೆಯಿತು.

ಅದು ಅಪ್ಪ ಕಟ್ಟಿದ ಕಾರ್ಖಾನೆ. ಕೆಳಗೆ ಯಂತ್ರಗಳು, ಮೇಲೆ ನಮ್ಮ ಮನೆ. ಅಪ್ಪ ಶುರು ಮಾಡಿದಾಗ ಸಿಕ್ಕಿದ್ದ ಕರೆಂಟು ಒಂದು ಯಂತ್ರಕ್ಕೆ ಮಾತ್ರ ಸಾಲುತ್ತಿತ್ತಂತೆ. ರಟ್ಟು ಕತ್ತರಿಸುವಾಗ ಅಂಟು ತಣ್ಣಗೆ ಕೂತಿರಬೇಕು, ಅಂಟು ಕಾಯುವಾಗ ಕತ್ತರಿ ಕೈಕಟ್ಟಿ ನಿಂತಿರಬೇಕು. ಹಾಗಾಗಿ ದೊಡ್ಡ ಲೈನು ಬಂದ ದಿನ ಅಪ್ಪ ಎಲ್ಲರನ್ನೂ ಅವರವರ ಯಂತ್ರದ ಮುಂದೆ ನಿಲ್ಲಿಸಿ, ಬಾಗಿಲ ಬಳಿ ನಿಂತು ಒಂದು ಕೂಗು ಹಾಕಿದರು: “ಹಾಕ್ರಪ್ಪಾ!” ಎಲ್ಲ ಸ್ವಿಚ್ಚುಗಳೂ ಒಂದೇ ಏಟಿಗೆ ಬಿದ್ದವು.

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಬೆಳಗ್ಗೆ ಗಂಟೆ ಬಾರಿಸುತ್ತಲೇ “ಹಾಕ್ರಪ್ಪಾ!” ಇಡೀ ಕಟ್ಟಡ ಗುಂಯ್ ಎನ್ನುತ್ತಿತ್ತು. ಮೇಲೆ ಅಡುಗೆಮನೆಯಲ್ಲಿ ಲೋಟಗಳು ಒಂದಕ್ಕೊಂದು ತಗುಲಿ ಕಿಣಿಕಿಣಿ ಎನ್ನುತ್ತಿದ್ದವು. ಅಮ್ಮ ಹಾಲಿನ ಪಾತ್ರೆ ಹಿಡಿದುಕೊಂಡು, “ಎದ್ದಿತು ನಿಮ್ಮಪ್ಪನ ಸೈನ್ಯ” ಎನ್ನುತ್ತಿದ್ದಳು. ಹೋಂವರ್ಕ್ ಮಾಡುತ್ತಿದ್ದ ನನ್ನ ಪೆನ್ಸಿಲು ಮೇಜಿನಿಂದ ತಾನಾಗಿ ಉರುಳಿ ಬೀಳುತ್ತಿತ್ತು. ಆ ಸದ್ದಿನಲ್ಲೇ ನಾನು ಬೆಳೆದೆ, ಅಕ್ಷರ ಕಲಿತೆ. ನನ್ನ ಅಕ್ಷರ ಈಗಲೂ ಸ್ವಲ್ಪ ನಡುಗುತ್ತದೆ, ಅದಕ್ಕೆ ಅಪ್ಪನೇ ಕಾರಣ. ಆ ಬೆಳಗುಗಳು ಮತ್ತೆ ಬರಲಿ ಎಂದು ನನಗೆ ಎಷ್ಟೋ ಸಲ ಅನಿಸುತ್ತದೆ.

ವಿಷಯಕ್ಕೆ ಬನ್ನಿ ಎಂದು ಅಧ್ಯಕ್ಷರು ಕೆಮ್ಮಿದರು. ಬಂದೆ ಸಾರ್.

ಅಪ್ಪನ ಕಣ್ಣು ಪೂರ್ತಿ ಹೋದ ಮೇಲೆ ಕಾರ್ಖಾನೆ ಅಣ್ಣನ ಮತ್ತು ನನ್ನ ಕೈಗೆ ಬಂತು. ಅದೇ ಹೊತ್ತಿಗೆ ನಮ್ಮಲ್ಲಿ ಡಬ್ಬಿ ಕೊಳ್ಳುತ್ತಿದ್ದ ಬಿಸ್ಕತ್ತಿನವರು ಬೆಲೆ ಇಳಿಸಿ ಎಂದರು. ಕರೆಂಟು ಬಿಲ್ಲು ಮಾತ್ರ ಏರುತ್ತಲೇ ಇತ್ತು. ಕೆಲವರನ್ನು ಕೆಲಸದಿಂದ ತೆಗೆಯುವುದೊಂದೇ ದಾರಿ ಎನ್ನುವ ಹಂತಕ್ಕೆ ಬಂದೆವು. ಯಾರನ್ನು ತೆಗೆಯುವುದು? ಡಬ್ಬಿಗೆ ಪಿನ್ ಹೊಡೆಯುವ ಅಕ್ಕ ನನ್ನನ್ನು ಎತ್ತಿ ಆಡಿಸಿದವಳು. ನಾನು ಹೇಳಿದೆ, “ಜನರನ್ನು ತೆಗೆಯೋದಕ್ಕೆ ಮೊದಲು ಕರೆಂಟು ಎಲ್ಲಿ ಹೋಗ್ತಿದೆ ನೋಡೋಣ. ಒಂದೊಂದು ಯಂತ್ರಕ್ಕೂ ಒಂದೊಂದು ಮೀಟರು ಹಾಕಿಸೋಣ.” ಅಣ್ಣ ಏನೆಂದ ಗೊತ್ತೇ? “ನಿನ್ನ ಬಾಯಿಗೂ ಒಂದು ಹಾಕಿಸು. ಎಲ್ಲಕ್ಕಿಂತ ಜಾಸ್ತಿ ಅದೇ ಓಡೋದು.”

ಏಳು ಮೀಟರು ಹಾಕಿಸಿದೆ. ಸಭಿಕರೇ, ಮೊದಲ ವಾರದಲ್ಲೇ ಸಕ್ಕರೆ ತಿಂದವರು ಸಿಕ್ಕಿಬಿದ್ದರು. ಗಾಳಿ ತುಂಬುವ ಕಂಪ್ರೆಸರು ರಜೆಯ ದಿನವೂ ಓಡುತ್ತಿತ್ತು. ಪೈಪಿನಲ್ಲಿ ಎಲ್ಲೋ ತೂತು, ಗಾಳಿ ಸೋರುವುದು, ಇದು ತುಂಬುವುದು. ಬೀಗ ಹಾಕಿದ ಕಾರ್ಖಾನೆಯಲ್ಲಿ ಒಬ್ಬನೇ ಗೊರಕೆ ಹೊಡೆಯುತ್ತಿದ್ದ ಮಹಾರಾಯ! ಅಂಟು ಕಾಯಿಸುವ ಹೀಟರು ಊಟದ ಹೊತ್ತಿನಲ್ಲೂ ಧಗಧಗ ಉರಿಯುತ್ತಿತ್ತು. ಇವನ್ನು ಸರಿಪಡಿಸುವುದು ಸುಲಭವಾಗಿತ್ತು. ಪೈಪು ಬದಲಿಸಿದೆವು, ಹೀಟರಿಗೆ ಟೈಮರು ಹಾಕಿದೆವು.

ಸುಲಭವಲ್ಲದ್ದು ಒಂದಿತ್ತು. ನಮ್ಮ ಬಿಲ್ಲಿನಲ್ಲಿ ಉರಿಸಿದ ಯೂನಿಟ್ಟಿನ ಲೆಕ್ಕ ಒಂದಾದರೆ, ಡಿಮ್ಯಾಂಡಿನ ಲೆಕ್ಕ ಇನ್ನೊಂದು. ಇಡೀ ತಿಂಗಳಲ್ಲಿ ಯಾವ ಅರ್ಧ ಗಂಟೆಯಲ್ಲಿ ಅತಿ ಹೆಚ್ಚು ಎಳೆದಿದ್ದೇವೋ, ಆ ಅರ್ಧ ಗಂಟೆಗೆ ತಿಂಗಳಿಡೀ ದಂಡ ತೆತ್ತಂತೆ. ನಮ್ಮದು ಯಾವ ಅರ್ಧ ಗಂಟೆ? ಏಳೂ ಮೀಟರಿನ ಲೆಕ್ಕದಿಂದ ಎಳೆದ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ದಿನಾ ಬೆಳಗ್ಗೆ, ಒಂದೇ ಜಾಗದಲ್ಲಿ, ಎಲ್ಲ ಗೆರೆಗಳೂ ನೆಟ್ಟಗೆ ಎದ್ದು ನಿಂತಿದ್ದವು. ಅದು ನಾವು ಬಿಡದೆ ನಡೆಸಿಕೊಂಡು ಬಂದಿದ್ದ ಅಪ್ಪನ ‘ಹಾಕ್ರಪ್ಪಾ’.

ಇದನ್ನು ಅಪ್ಪನಿಗೆ ಹೇಗೆ ಹೇಳುವುದು? ಕಣ್ಣಿಲ್ಲದ ಮನುಷ್ಯ. ಮೇಲಿನ ಕೋಣೆಯಲ್ಲಿ ಗೋಡೆಗೆ ತಾಗಿದ ಮಂಚದ ಮೇಲೆ ಕುಳಿತು, ಬೆಳಗಾದರೆ ಆ ಒಂದು ಸದ್ದಿಗಾಗಿ ಕಾಯುವವರು. ಅಣ್ಣ ಕೆಂಡಾಮಂಡಲವಾದ. “ಅವರಿಗೆ ಉಳಿದಿರೋದು ಅದೊಂದೇ. ಅದನ್ನೂ ಉಳಿತಾಯ ಮಾಡ್ತೀಯಾ?” ಎಂದ. ನಾನು ಗಟ್ಟಿ ಮನಸ್ಸು ಮಾಡಿದೆ. ಯಂತ್ರಗಳನ್ನು ಒಂದಾದ ಮೇಲೊಂದು ಹಾಕಬೇಕು, ಅಂಟು ಕಾದು ಮುಗಿಯುವವರೆಗೆ ದೊಡ್ಡ ಕತ್ತರಿ ಮುಟ್ಟಬಾರದು ಎಂದು ಗೋಡೆಗೆ ಬರೆದು ಹಚ್ಚಿದೆ. ಅಣ್ಣ ಸುಮಾರು ದಿನ ನನ್ನ ಜೊತೆ ಮಾತು ಬಿಟ್ಟ. ಏನಾದರೂ ಬೇಕಾದರೆ ಪಿನ್ ಹೊಡೆಯುವ ಅಕ್ಕನ ಕೈಯಲ್ಲಿ ಹೇಳಿ ಕಳಿಸುತ್ತಿದ್ದ.

ಮೊದಲ ದಿನ ಅಪ್ಪ ಕೇಳಿದರು, “ಇವತ್ತು ಯಾರ್ಯಾರು ಬಂದಿಲ್ಲ?”

“ಎಲ್ಲಾರೂ ಬಂದಿದ್ದಾರೆ ಅಪ್ಪಾ” ಎಂದು ಎಲ್ಲ ಬಿಡಿಸಿ ಹೇಳಿದೆ. ಅವರು, “ಯಾರನ್ನೂ ತೆಗೆಯೋದಿಲ್ಲ ತಾನೆ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗಾದ್ರೆ ಸರಿ” ಎಂದರು. ಮತ್ತೆ ಆ ಮಾತು ಎತ್ತಲೇ ಇಲ್ಲ. ಬಿಲ್ಲು ಇಳಿಯಿತು, ಎಲ್ಲರ ಕೆಲಸವೂ ಉಳಿಯಿತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಬೆಳಗ್ಗೆ ಗಂಟೆ ಬಾರಿಸಿದಾಗ ಮೇಲಿನ ಕೋಣೆಯ ಕಡೆ ನೋಡಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಕಳೆದ ವರ್ಷ ಅಪ್ಪನ ಕಿವಿಯೂ ಮಂದವಾಯಿತು. ಒಂದು ದಿನ ಬೆಳಗ್ಗೆ ತಟ್ಟೆ ಪಕ್ಕಕ್ಕೆ ಸರಿಸಿ, “ಮುಚ್ಚಿಬಿಟ್ರಾ?” ಎಂದರು. ಇಲ್ಲ ಅಪ್ಪಾ, ಓಡ್ತಿದೆ ಎಂದು ಕಿವಿಯ ಹತ್ತಿರ ಕೂಗಿ ಹೇಳಿದೆ. ನಂಬಲಿಲ್ಲ. “ನನಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳ್ತಿದ್ದೀರಿ. ಪಾಪ, ಅವರೆಲ್ಲ ಎಲ್ಲಿ ಹೋದ್ರು?” ಎಂದು ಅತ್ತರು. ಮರುದಿನವೂ ಅದೇ ಪ್ರಶ್ನೆ, ಅದೇ ಅಳು. ತುತ್ತು ಬಾಯಿಗೆ ಇಡಲಿಲ್ಲ.

ನಾನು ಕೆಳಗಿಳಿದೆ. ಯಂತ್ರಗಳನ್ನೆಲ್ಲ ನಿಲ್ಲಿಸಿ, ಎಲ್ಲರೂ ಸ್ವಿಚ್ಚಿನ ಮೇಲೆ ಕೈ ಇಟ್ಟು ನಿಲ್ಲಿ ಎಂದೆ. ಬಾಗಿಲ ಬಳಿ ನಿಂತು ಕೂಗಲು ಬಾಯಿ ತೆರೆದೆ. ಹಿಂದಿನಿಂದ ಅಣ್ಣ ಕೂಗಿದ: “ಹಾಕ್ರಪ್ಪಾ!”

ನಾನು ಮೆಟ್ಟಿಲು ಹತ್ತಿ ಓಡಿದೆ. ಅಪ್ಪ ಗೋಡೆಗೆ ಅಂಗೈ ಒತ್ತಿ ಹಿಡಿದಿದ್ದರು. ಕಿವಿಗೆ ಕೇಳದ್ದು ಕೈಗೆ ಕೇಳುತ್ತಿತ್ತು. ಮುಖ ಅರಳಿತ್ತು. ನನ್ನ ಕೈ ಹಿಡಿದು ಎಳೆದು ಅವರೇ ಗೋಡೆಗೆ ಇಟ್ಟರು. “ಇದೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಗಾಬರಿಯಾಗಿ, “ಸಾಕು, ಸಾಕು, ನಿಲ್ಸು. ಬಿಲ್ಲು ಬರುತ್ತೆ!” ಎಂದರು.

ನಿಲ್ಲಿಸಲಿಲ್ಲ. ಅಪ್ಪ ಊಟ ಮುಗಿಸುವವರೆಗೂ ಓಡಿಸಿದೆ. ಆ ತಿಂಗಳು ಮುಗಿಯುವ ಮೊದಲೇ ಅವರು ತೀರಿಕೊಂಡರು.

ನನ್ನ ಹಿಂದಿನ ಪರದೆಯ ಮೇಲೆ ನಮ್ಮ ಕಾರ್ಖಾನೆಯ ಕಳೆದ ವರ್ಷದ ಕರೆಂಟಿನ ಚಿತ್ರ ಕಾಣಿಸುತ್ತಿದೆ. ತಗ್ಗಿನಲ್ಲಿ ಶಿಸ್ತಾಗಿ ಹೋಗುತ್ತಿರುವ ಗೆರೆ, ನಡುವೆ ಒಂದೇ ಕಡೆ ನೆಟ್ಟಗೆ ಮೇಲೆದ್ದಿದೆ. ಕಾರ್ಯದರ್ಶಿಗಳು ನಿನ್ನೆ, “ಮೇಡಂ, ಅದೇನೋ ತಪ್ಪಾಗಿರಬೇಕು, ಅಳಿಸಿಬಿಡಲಾ? ಸಭೆಯಲ್ಲಿ ಚೆನ್ನಾಗಿ ಕಾಣಲ್ಲ” ಎಂದರು. ಬೇಡ ಸಾರ್. ಮೀಟರು ಇಲ್ಲದಿದ್ದಾಗ ಯಾತಕ್ಕೆ ಕಟ್ಟುತ್ತಿದ್ದೇವೆ ಎಂದು ತಿಳಿಯದೆಯೇ ತಿಂಗಳು ತಿಂಗಳೂ ಕಟ್ಟಿದೆವು. ಆ ತಿಂಗಳು ಮಾತ್ರ, ಯಾತಕ್ಕೆ ಕಟ್ಟುತ್ತಿದ್ದೇನೆ ಎಂದು ಪೂರ್ತಿ ತಿಳಿದು ಕಟ್ಟಿದೆ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೂ, ಕೆಮ್ಮಿದರೂ ತಡೆಯದ ಅಧ್ಯಕ್ಷರಿಗೂ, ಈಗ ಗಡಿಯಾರ ಬಿಟ್ಟು ಕನ್ನಡಕ ಒರೆಸಿಕೊಳ್ಳುತ್ತಿರುವ ನನ್ನ ಅಣ್ಣನಿಗೂ ವಂದಿಸಿ ನನ್ನ ಮಾತು ಮುಗಿಸುತ್ತೇನೆ. ನಮಸ್ಕಾರ.